ಗಡಿಕಲ್ಲಿಗೆ ಎಣ್ಣೆ ಹಚ್ಚಿದವಳು

ಗುರುದೇವಿ ಕೂತಲ್ಲಿ ಕೂಡುವ ಹೆಣ್ಣಲ್ಲ. ಚಹಾ ಕುಡಿಯುವಾಗಲೂ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಒರೆಸುವ ಅರಿವೆ. ಕಿಟಕಿಗೆ ಹೋಗುತ್ತಾಳೆ, ಪರದೆ ಸರಿಸಿ ಬೀದಿ ನೋಡುತ್ತಾಳೆ, ತಿರುಗಿ ಬರುತ್ತಾಳೆ, ಏನೋ ಮರೆತವಳಂತೆ ಮತ್ತೆ ಕಿಟಕಿಗೆ ಹೋಗುತ್ತಾಳೆ. "ನಿನಗ ಕುರ್ಚಿ ಕೊಂಡದ್ದ ದಂಡ ನೋಡು," ಎಂದು ಗಂಡ ಶರಣಪ್ಪ ಚೇಷ್ಟೆ ಮಾಡುತ್ತಾನೆ. ಅವನು ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಪೋರ್ಟರ್. ಡ್ಯೂಟಿ ಮುಗಿಸಿ ಬಂದು ಕುರ್ಚಿಗೆ ಒರಗಿದನೆಂದರೆ ಊಟದ ಹೊತ್ತಿಗೇ ಏಳುವುದು.

ಗುರುದೇವಿಯ ಕೆಲಸ ಮನೆಯಲ್ಲೇ. ಅವಳು ಚೈಲ್ಡ್‌ಮೈಂಡರ್. ಸಟನ್ ಸ್ಟೇಷನ್ನಿನಿಂದ ರೈಲು ಹಿಡಿದು ಕೆಲಸಕ್ಕೆ ಓಡುವ ತಾಯಂದಿರು ಬೆಳಿಗ್ಗೆ ತಮ್ಮ ಕೂಸುಗಳನ್ನು ಇವಳ ಬಾಗಿಲಲ್ಲಿ ಒಪ್ಪಿಸಿ ಹೋಗುತ್ತಾರೆ, ಸಂಜೆ ಬಂದು ಎತ್ತಿಕೊಳ್ಳುತ್ತಾರೆ. ಯಾವ ಮಗುವಿಗೆ ನಿದ್ದೆ ಬರಬೇಕಾದರೆ ಬೆನ್ನು ತಟ್ಟಬೇಕು, ಯಾವುದಕ್ಕೆ ಕಾಲು ಒತ್ತಬೇಕು ಎಂದು ಅವಳ ಕೈಗೆ ಗೊತ್ತು. ಸುಮ್ಮನೆ ಮಾತ್ರ ಆ ಕೈಗೆ ಇರಲು ಬಾರದು. ಏನಾದರೂ ಸವರಬೇಕು, ತಿಕ್ಕಬೇಕು, ನೇವರಿಸಬೇಕು.

ಮದುವೆಯಾಗಿ ಬಂದಾಗ ಈಸ್ಟ್ ಹ್ಯಾಮಿನಲ್ಲಿ ಒಂದೇ ಕೋಣೆ. ಆಮೇಲೆ ಹೌನ್ಸ್ಲೋ, ವಿಮಾನ ತಲೆಯ ಮೇಲೇ ಇಳಿಯುವ ಮನೆ. ಆಮೇಲೆ ರೇನರ್ಸ್ ಲೇನ್, ಕೆಳಗೆ ಕಿರಾಣಿ ಅಂಗಡಿ, ಮೇಲೆ ಇವರು. ಕೊತ್ತಂಬರಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಅದೊಂದೇ ಸುಖ. ಮಗಳು ಪ್ರಿಯಾಂಕಾ ಜಾಣ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಪರೀಕ್ಷೆ ಪಾಸಾದಳೆಂದು ಲಂಡನ್ನಿನ ಈ ದಕ್ಷಿಣದ ತುದಿಗೆ, ಸಟನ್‌ಗೆ ಬಂದದ್ದು. ಎಲ್ಲ ಕಡೆಯೂ ಗುರುದೇವಿಗೆ ಒಂದೇ ಸಂಕಟ. ಊರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುವುದಿಲ್ಲ. ಕ್ರಾಯ್ಡನ್ನಿನಿಂದ ಬಸ್ಸು ಹತ್ತಿದರೆ ಮನೆ, ಮನೆ, ಕೋಳಿ ಕರಿಯುವ ಅಂಗಡಿ, ಮತ್ತೆ ಮನೆ. ನಡುವೆ ಹೊಲವಿಲ್ಲ, ಹಳ್ಳವಿಲ್ಲ. ಬಸ್ಸಿನೊಳಗಿನ ಹೆಂಗಸಿನ ದನಿ ಹೆಸರು ಕೂಗಿತೆಂದು ಇದು ವಾಲಿಂಗ್ಟನ್, ಇದು ಕಾರ್ಷಾಲ್ಟನ್ ಎಂದು ನಂಬಬೇಕು. "ಸಾಗರದಾಗ ಮನಿ ಕಟ್ಟಿದಂಗ ಆಗೈತಿ," ಎಂದು ಫೋನಿನಲ್ಲಿ ತಂಗಿಯ ಮುಂದೆ ಹೇಳಿಕೊಳ್ಳುತ್ತಿದ್ದಳು. "ಎಲ್ಲಿಂದ ಒಳಗ ಬಂದ್ನಿ ಅನ್ನೋದ ತಿಳೀವಲ್ದು. ಒಳಗ ಬಂದೀನೋ ಇಲ್ಲೋ, ಅದೂ ತಿಳೀವಲ್ದು."

ಅವಳು ಹುಟ್ಟಿದ ಹೊಳೆಸಾಲಾಪುರ ಕೃಷ್ಣೆಯ ದಂಡೆಯಲ್ಲಿತ್ತು. ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಆ ಊರಿನ ಅಗಸಿ ಬಾಗಿಲ ಮುಂದೆ ಒಂದು ಕರಿಗಲ್ಲು. ಊರು ಅಲ್ಲಿಂದ ಈಚೆ, ಅಡವಿ ಅಲ್ಲಿಂದ ಆಚೆ. ಮದುವಣಗಿತ್ತಿ ಬಂದರೆ ಮೊದಲು ಆ ಕಲ್ಲಿಗೆ ಕಾಯಿ. ಬಾಣಂತಿ ಕೂಸನ್ನೆತ್ತಿಕೊಂಡು ಬಂದರೆ ಮೊದಲು ಆ ಕಲ್ಲಿಗೆ ಎಣ್ಣೆ. ಕಾರಹುಣ್ಣಿಮೆಯ ದಿನ ಎತ್ತುಗಳು ಬಣ್ಣ ಬಳಿದುಕೊಂಡು ಅದರ ಮುಂದೆಯೇ ಊರೊಳಗೆ ನುಗ್ಗುತ್ತಿದ್ದವು.

ಸಟನ್‌ಗೆ ಬಂದ ಮೊದಲ ವಸಂತದಲ್ಲಿ ಒಂದು ದಿನ ಅವಳು ಬಗ್ಗಿಯಲ್ಲಿ, ಜೋಡಿ ಸೀಟಿನ ತಳ್ಳುಗಾಡಿಯಲ್ಲಿ, ಎರಡು ಕೂಸುಗಳನ್ನು ತಳ್ಳಿಕೊಂಡು ಪಾರ್ಕಿಗೆ ಹೊರಟಿದ್ದಳು. ಬೀದಿಯ ಮೂಲೆಯಲ್ಲಿ ಒಂದು ಕೂಸು ಬಾಯಲ್ಲಿ ಚೀಪುತ್ತಿದ್ದ ರಬ್ಬರು ನಿಪ್ಪಲ್ಲು ಉಗುಳಿತು. ಅದು ಉರುಳಿ ಗೋಡೆಯ ಬುಡದ ಬಳ್ಳಿಯೊಳಗೆ ಹೋಯಿತು. ಗುರುದೇವಿ ಬಗ್ಗಿ ಎಲೆ ಸರಿಸಿದರೆ ಕಲ್ಲು! ಮೊಳಕಾಲೆತ್ತರ, ತಲೆ ಗುಂಡಗೆ, ಮೈಮೇಲೆ ಸವೆದ ಅಕ್ಷರ. ಗೋಡೆಯ ಮೇಲೆ ಒಂದು ದುಂಡನೆಯ ಹಸಿರು ಫಲಕವೂ ಇತ್ತು. ದಿನಾ ಅದರ ಕೆಳಗೇ ಓಡಾಡಿದರೂ ತಲೆಯೆತ್ತಿ ಓದಿರಲಿಲ್ಲ.

ಸಂಜೆ ಮಗಳನ್ನು ಎಳೆದುಕೊಂಡು ಹೋಗಿ ಓದಿಸಿದಳು.

"ಪ್ಯಾರಿಷ್ ಬೌಂಡರಿ, ಮಮ್ಮಿ. ಲೈಕ್, ಓಲ್ಡ್ ಬಾರ್ಡರ್ ಆಫ್ ದಿ ವಿಲೇಜ್. ಕ್ಯಾನ್ ವಿ ಗೋ ನೌ?"

"ಹಳ್ಳಿ ಗಡಿ? ಇದು ಹಳ್ಳಿ ಇತ್ತೇನು?"

"ಎವ್ರಿಥಿಂಗ್ ವಾಸ್ ಎ ವಿಲೇಜ್, ಮಮ್ಮಿ."

ಗುರುದೇವಿ ಕಲ್ಲಿನ ಆಚೆ ನಿಂತಳು, ಒಂದು ಹೆಜ್ಜೆ ಈಚೆ ಬಂದಳು, ಮತ್ತೆ ಆಚೆ ಹೋದಳು. ದಾಟಿ ಹೋಗುತ್ತಿದ್ದ ಮುದುಕನೊಬ್ಬ ಇವಳಿಗೆ ಏನೋ ಕಳೆದಿದೆ ಎಂದು ತಾನೂ ನೆಲ ನೋಡತೊಡಗಿದ. ಪ್ರಿಯಾಂಕಾ ಜಾಕೆಟ್ಟಿನ ಟೋಪಿ ಮುಖದ ಮೇಲೆ ಎಳೆದುಕೊಂಡಳು.

ಅಂದಿನಿಂದ ಹೊರಗೆ ಹೋಗಿ ಬರುವಾಗಲೆಲ್ಲ ಆ ಮೂಲೆ ತಿರುಗುತ್ತಲೂ ಅವಳ ಉಸಿರು ಒಂದಿಷ್ಟು ಸಡಿಲವಾಗುತ್ತಿತ್ತು. "ಬಂದ್ವಿ ನೋಡು ಊರೊಳಗ," ಎಂದು ಬಗ್ಗಿಯಲ್ಲಿನ ಕೂಸುಗಳಿಗೆ ಹೇಳುವಳು. ಕನ್ನಡ ತಿಳಿಯದ ಆ ಕೂಸುಗಳು ಕೇಕೆ ಹಾಕುವವು. ಕಿಟಕಿಗೆ ಹೋಗಿ ಬರುವುದು ನಿಲ್ಲಲಿಲ್ಲ. ಆದರೆ ಈಗ ಕಿಟಕಿಯಿಂದ ನೋಡಲು ಒಂದು ದಿಕ್ಕಿತ್ತು.

ಕಾರಹುಣ್ಣಿಮೆ ಬಂತು. ತಂಗಿ ಊರಿನಿಂದ ಕಳಿಸಿದ ಕುಸುಬಿ ಎಣ್ಣೆಯ ಬಾಟಲಿ ಅಡುಗೆಮನೆಯಲ್ಲಿತ್ತು. ಕಲ್ಲನ್ನು ತೊಳೆದು, ಎಣ್ಣೆ ಸವರಿ, ಅರಿಷಿಣ ಕುಂಕುಮ ಹಚ್ಚಿ ಕೈ ಮುಗಿದಳು. ಹಾಡಹಗಲಲ್ಲಿ, ಮಕ್ಕಳನ್ನು ಕಟ್ಟಿಕೊಂಡೇ. ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಯಾರೂ ಯಾರಿಗೂ ಏನೂ ಅನ್ನುವುದಿಲ್ಲ. ಆಮೇಲೆ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಎಂದಾಯಿತು. ಮಗಳಿಗೆ ಜ್ವರ ಬಂದಿತೆಂದು ಒಮ್ಮೆ, ಜ್ವರ ಬಿಟ್ಟಿತೆಂದು ಮತ್ತೊಮ್ಮೆ.

ಎರಡನೆಯ ಚಳಿಗಾಲ ಕಳೆಯುತ್ತಿದ್ದಂತೆ ಒಂದು ಮಧ್ಯಾಹ್ನ ನರಸಿಂಹಮೂರ್ತಿ ಬಾಗಿಲು ತಟ್ಟಿದರು. ಬೆಂಗಳೂರಿನವರು, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರಿನ ಕೆಲಸ, ಎರಡು ಬೀದಿ ಆಚೆ ಮನೆ. ಯುಗಾದಿ ಕೂಟದಲ್ಲಿ ಪರಿಚಯ. ಅವರಿಗೆ ಹಳೆಯ ಕಟ್ಟಡ, ಹಳೆಯ ನಕ್ಷೆಗಳ ಹುಚ್ಚು. ಬಡಾವಣೆಯ ಇತಿಹಾಸ ಸಂಘದಲ್ಲಿ ಅವರೊಬ್ಬರೇ ನಮ್ಮವರು.

ಗುರುದೇವಿ ಒಂದು ಮಗುವನ್ನು ಸೊಂಟದ ಮೇಲೆ ಹೊತ್ತು ಬಾಗಿಲು ತೆಗೆದಳು. "ಬರ್ರಿ ಮೂರ್ತಿ ಸರ್ರ. ಕೂಡ್ರಿ. ಆ ಗೊಂಬಿ ಸರಿಸಿ ಕೂಡ್ರಿ, ಚುಚ್ಚತೈತಿ."

ಮೂರ್ತಿ ಸೋಫಾದ ತುದಿಯಲ್ಲಿ ಕೂತರು. ಒಂದು ಪುಟಾಣಿ ಬಂದು ಅವರ ಕೈಗೆ ಕಟ್ಟಿಗೆಯ ಟೊಮೆಟೊ ಕೊಟ್ಟು ಹೋಯಿತು. ಅವರು ಅದನ್ನು ಹಿಡಿದುಕೊಂಡೇ ಕೇಳಿದರು:

"ಗುರುದೇವಿಯವರೇ, ಆ ಮೂಲೆ ಕಲ್ಲಿಗೆ ನೀವೇನಾದ್ರೂ ಹಚ್ಚಿದ್ದೀರಾ?"

"ಹಚ್ಚೀನ್ರಿ. ಎಣ್ಣಿ, ಅರಿಷಿಣ, ಕುಂಕುಮ. ಯಾಕ್ರಿ, ನಿಮಗೂ ಪ್ರಸಾದ ಬೇಕಾಗಿತ್ತೇನು?"

"ಅಯ್ಯೋ ರಾಮ! ಇಷ್ಟು ಸಲೀಸಾಗಿ ಹೇಳ್ತೀರಲ್ರೀ!"

"ಕದ್ದು ಮಾಡೀನೇನ್ರಿ?"

"ಯಾವ ಎಣ್ಣೆ?"

"ಕುಸುಬಿ. ಛಲೋದು, ಊರಿಂದು."

"ಛಲೋದಾದ್ರೆ ಒಗ್ಗರಣೆಗೆ ಹಾಕ್ಕೋಬೇಕಿತ್ತು, ತಾಯಿ! ಅದು ಸುಣ್ಣದ ಕಲ್ಲು. ಎಣ್ಣೇನ ಸ್ಪಂಜಿನ ಹಾಗೆ ಹೀರ್ಕೊಂಡುಬಿಟ್ಟಿದೆ. ಅಂಟಾಗಿ ಊರ ಧೂಳೆಲ್ಲ ಮೆತ್ಕೊಂಡು, ಒಳಗೆ ನೀರು ನಿಂತು, ಚಳಿಗೆ ಹೆಪ್ಪುಗಟ್ಟಿ ಅಕ್ಷರದ ಅಂಚು ಉದುರ್ತಾ ಇದೆ. ಸಂಘದ ಅಧ್ಯಕ್ಷೆ ಹಿಲರಿ ಮೊನ್ನೆ ನೋಡಿ ಅಳೋ ಹಾಗಾದ್ರು. ಕಿಡಿಗೇಡಿ ಹುಡುಗ್ರು ಬಣ್ಣ ಎರಚಿದ್ದಾರೆ ಅಂದ್ಕೊಂಡಿದ್ರು. ನನಗೆ ಕುಂಕುಮದ ಗುರುತು ಸಿಕ್ತು. ಅಲ್ಲೇ ನೆಲಕ್ಕಿಳಿದುಹೋದೆ."

"ನಾನ ಅಂತ ಹೇಳಬೇಕಿತ್ತಲ್ರಿ."

"ನಮ್ಮೋರೇ ಯಾರೋ ಅಂತ ಹೇಳಿದೆ. ಅದಕ್ಕೇ ಬಂದಿರೋದು." ಮೂರ್ತಿ ಟೊಮೆಟೊವನ್ನು ಕೈಯಿಂದ ಕೈಗೆ ಬದಲಿಸಿದರು. "ಕಲ್ಲು ಕಿತ್ತು ಲೈಬ್ರರಿ ಒಳಗಡೆ ಗಾಜಿನ ಪೆಟ್ಟಿಗೇಲಿ ಇಡೋಣ ಅಂತಿದ್ದಾರೆ. ಮೇ ತಿಂಗಳ ಸಭೇಲಿ ತೀರ್ಮಾನ. ಕೌನ್ಸಿಲ್‌ನೋರೂ ಸಂಘ ಹೇಳಿದ ಹಾಗೆ ಕೇಳ್ತೀವಿ ಅಂದಿದ್ದಾರೆ."

ಗುರುದೇವಿಯ ಸೊಂಟದ ಮೇಲಿನ ಮಗು ಅವಳ ಮುಖ ನೋಡಿ ತುಟಿ ಸೊಟ್ಟಗೆ ಮಾಡಿತು. "ಪೆಟಿಗ್ಯಾಗ? ಗಡಿಕಲ್ಲು ಪೆಟಿಗ್ಯಾಗ ಇಟ್ರ ಊರು ಎಲ್ಲೈತ್ರಿ?"

ಮಕ್ಕಳಿಗೆ ರೇನ್‌ಕೋಟು ತೊಡಿಸಿ ಆಗಲೇ ಹೋಗಿ ನೋಡಿದಳು. ಮೂರ್ತಿಯವರೂ ಹಿಂದೆ ಬಂದರು. ಇಷ್ಟು ದಿನ ಕಣ್ಣು ಮುಚ್ಚಿ ಕೈ ಮುಗಿದದ್ದೇ ಹೆಚ್ಚು. ಈಗ ಕಣ್ಣು ತೆರೆದು ನೋಡಿದರೆ ಕಲ್ಲಿನ ಮೈ ಸೀದ ಹಂಚಿನ ತಳದಂತಾಗಿತ್ತು. ಧೂಳು, ಕೂದಲು, ಚಿಪ್ಸ್ ಪಾಕೀಟಿನ ಚೂರು, ಎಲ್ಲ ಮೆತ್ತಿಕೊಂಡಿತ್ತು. ಒಂದು ಅಕ್ಷರದ ಬಾಲ ಬೆರಳು ತಾಕಿದ್ದೇ ಹಿಟ್ಟಾಗಿ ಉದುರಿತು. ಹೊಳೆಸಾಲಾಪುರದ್ದು ಕಬ್ಬಿಣದಂಥ ಕರಿಕಲ್ಲು. ತಲೆಮಾರುಗಳಿಂದ ಎಣ್ಣೆ ಕುಡಿದು ಕನ್ನಡಿಯ ಹಾಗೆ ಮಿಂಚುತ್ತಿತ್ತು. ಕಲ್ಲೆಂದರೆ ಎಲ್ಲ ಕಡೆಯೂ ಕಲ್ಲೇ ಎಂದುಕೊಂಡಿದ್ದಳು. ಹಸುಗೂಸಿನ ಮೈಗೆ ಆಗದ ಎಣ್ಣೆ ತಿಕ್ಕಿ ದದ್ದು ಎಬ್ಬಿಸಿದವಳ ಹಾಗೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಸೋಪು ಹಾಕಿ ತಿಕ್ಕಿಬಿಡ್ತೀನ್ರಿ."

"ಬೇಡ! ಏನೂ ಮಾಡ್ಬೇಡಿ! ಇನ್ನೂ ಹಾಳಾಗುತ್ತೆ. ದಯವಿಟ್ಟು ಕೈ ಕಟ್ಕೊಂಡಿರಿ," ಎಂದು ಮೂರ್ತಿ ಕೈ ಮುಗಿದರು. ಟೊಮೆಟೊ ಅವರ ಕೈಯಲ್ಲೇ ಇತ್ತು.

ಕೈ ಕಟ್ಟಿಕೊಂಡಿರುವುದು ಗುರುದೇವಿಗೆ ಉಪವಾಸಕ್ಕಿಂತ ಕಷ್ಟ. ಮೇ ತಿಂಗಳವರೆಗೂ ಅವಳು ಮನೆ ತುಂಬ ತಿರುಗಿದಳು. ಒಲೆ ಬೆಳಗಿದಳು. ಬೆಳಗಿದ ಒಲೆಯನ್ನೇ ಮತ್ತೆ ಬೆಳಗಿದಳು. ಕಿಟಕಿಗೆ ಹೋದಳು, ಬಂದಳು. ಬೀದಿಯಲ್ಲಿ ಕೌನ್ಸಿಲಿನ ಲಾರಿ ಕಂಡರೆ ಓಡುವಳು. ಕಸದ ಲಾರಿ ಎಂದು ಗೊತ್ತಾಗುವವರೆಗೂ ಬಾಗಿಲಲ್ಲೇ ನಿಲ್ಲುವಳು.

"ಕಲ್ಲಿಗಿ ಇಷ್ಟ್ಯಾಕ ಹಾರ್ಯಾಡ್ತಿ?" ಎಂದ ಶರಣಪ್ಪ. "ಕಲ್ಲು ಹೋದ್ರ ಏನ ಆಗತೈತಿ? ನಾಳಿ ನಾವ ಮನಿ ಬಿಟ್ಟ ಹೊಂಟ್ರ ಏನ ಮಾಡ್ತಿ, ಕಲ್ಲು ಹೊತಗೊಂಡ ಬರ್ತೀಯೇನು?"

"ನೀವು ಬ್ಯಾರೆ ಮನಿ ಮಾತು ತಗೀಬ್ಯಾಡ್ರಿ ಮತ್ತ."

"ತಗದಿಲ್ಲ ಮಾರಾಯ್ತಿ. ಮಾತಿಗಿ ಅಂದ್ನಿ."

"ಮಾತಿಗೂ ಬ್ಯಾಡ. ಅಲ್ಲಿಗೆ ಬಂದ್ರ ನನಗ ಮನಿಗಿ ಬಂದಂಗ ಆಗತೈತಿ. ಈ ದೇಶದಾಗ ಬ್ಯಾರೆ ಎಲ್ಲೂ ಹಂಗ ಆಗಿಲ್ಲ. ಹೇಳ್ರಿ, ನಿಮಗ ಆಗೈತೇನು?"

ಶರಣಪ್ಪ ಯೋಚಿಸಿದ. "ನನಗ ಕುರ್ಚ್ಯಾಗ ಕುಂತ್ರ ಆಗತೈತಿ," ಎಂದ. ಗುರುದೇವಿ ಒರೆಸುವ ಅರಿವೆಯನ್ನು ಅವನ ಮೇಲೆ ಎಸೆದು ಕಿಟಕಿಗೆ ಹೋದಳು.

ಮೇ ತಿಂಗಳಲ್ಲಿ ಒಂದು ಭಾನುವಾರ ಸಂಘದವರು ಹಳೆಯ ಗಡಿ ಸುತ್ತುತ್ತಾರೆ. ಆಮೇಲೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಸಭೆ. ಮೂರ್ತಿ ಇದನ್ನು ತಿಳಿಸಿದಾಗ ಗುರುದೇವಿಗೆ ನಂಬಲಾಗಲಿಲ್ಲ.

"ಗಡಿ ಸುತ್ತತಾರ? ಇವರೂ?"

"ನಕ್ಷೆ ಇಲ್ಲದ ಕಾಲದ ಪದ್ಧತಿ. ವರ್ಷಕ್ಕೊಂದ್ಸಲ ಪಾದ್ರಿ ಮುಂದೆ, ಊರೋರೆಲ್ಲ ಹಿಂದೆ. ಕಲ್ಲು ಸಿಕ್ಕಿದ ಕಡೆಯೆಲ್ಲ ಕೋಲಿಂದ ಹೊಡೆಯೋದು, ಗಡಿ ನೆನಪಿರಲಿ ಅಂತ. ಹಿಂದೆ ಹುಡುಗರ ತಲೇನೂ ಕಲ್ಲಿಗೆ ಕುಟ್ತಿದ್ರಂತೆ."

"ಯವ್ವಾ! ಅದ್ಯಾಕ್ರಿ?"

"ಮುದುಕ್ರಾದ ಮೇಲೂ ಮರೀಬಾರದು ಅಂತ."

ಗುರುದೇವಿ ಸೀರೆಯುಟ್ಟು, ಮೇಲೆ ಮಳೆಯ ಕೋಟು ತೊಟ್ಟು ಹೊರಟಳು. "ಮಮ್ಮಿ, ಪ್ಲೀಸ್, ಡೋಂಟ್ ಸೇ ಎನಿಥಿಂಗ್," ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತ ಪ್ರಿಯಾಂಕಾ ಹಿಂದೆ ಬಂದಳು. ಗುಂಪಿನಲ್ಲಿ ನೆರೆತ ತಲೆಗಳೇ ಹೆಚ್ಚು. ಎಲ್ಲರ ಕೈಯಲ್ಲೂ ಸಿಪ್ಪೆ ಸುಲಿದ ಉದ್ದನೆಯ ಬೆತ್ತ. ಮುಂದೆ ಹಿಲರಿ. ಎತ್ತರದ, ಸಪೂರ ಹೆಂಗಸು, ನಿವೃತ್ತ ಟೀಚರು, ನಡಿಗೆಯಲ್ಲಿ ಈಗಲೂ ಮಕ್ಕಳ ಸಾಲನ್ನು ಹಿಂದೆ ಕರೆದೊಯ್ಯುತ್ತಿರುವ ಗತ್ತು. ಅವಳು ಗುರುದೇವಿಯ ಕೈ ಕುಲುಕಿದಳು. ಸಿಟ್ಟಾಗಲಿಲ್ಲ, ನಗಲೂ ಇಲ್ಲ.

ಮೂಲೆಯ ಕಲ್ಲಿನ ಹತ್ತಿರ ಬಂದರು. ಹಿಲರಿ ಏನೋ ಹೇಳಿದಳು. ಬೆತ್ತಗಳೆಲ್ಲ ಒಮ್ಮೆಗೇ ಎದ್ದು ಕಲ್ಲಿನ ಮೇಲೆ ಪಟಪಟ ಬಿದ್ದವು.

ಗುರುದೇವಿಗೆ ತಡೆಯಲಾಗಲಿಲ್ಲ. ತನಗೆ ಬಂದ ಇಂಗ್ಲಿಷಿನಲ್ಲೇ ಕೇಳಿಬಿಟ್ಟಳು: "ನಾನು ಎಣ್ಣೆ ಹಚ್ಚಿದರೆ ಕಲ್ಲು ಹಾಳಾಗುತ್ತದೆ. ನೀವು ಇಷ್ಟು ಜನ ಸೇರಿ ಬಡಿದರೆ ಆಗುವುದಿಲ್ಲವೆ?"

ಬೆತ್ತಗಳು ಗಾಳಿಯಲ್ಲೇ ನಿಂತವು. ಮೂರ್ತಿ ಆಕಾಶ ನೋಡಿದರು. ಯಾರೋ ಹಿಂದಿನಿಂದ ಪುಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಹಿಲರಿ ಕೂಡ.

"ಪ್ರಶ್ನೆ ಸರಿಯಾಗಿದೆ," ಎಂದಳು ಹಿಲರಿ. "ಆದರೆ ಕೋಲು ಕಲ್ಲಿನೊಳಗೆ ಇಳಿಯುವುದಿಲ್ಲ."

ಹಾಲ್‌ಗೆ ಹೋಗುವ ದಾರಿಯಲ್ಲಿ ಗುರುದೇವಿಗೆ ಆ ಮಾತು ಕಾಲಿಗೆ ಸಿಕ್ಕ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಹಾಲ್‌ನಲ್ಲಿ ಚಹಾ, ಒಣ ಬಿಸ್ಕತ್ತು, ಸಾಲು ಕುರ್ಚಿ. ಕಲ್ಲಿನ ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ಹಿಲರಿ ಪರದೆಯ ಮೇಲೆ ಹಾಕಿದಳು. ಗುರುದೇವಿ ಹೊಸದನ್ನು ನೋಡದೆ ಬೂಟಿನ ತುದಿ ನೋಡಿದಳು. ಆಮೇಲೆ ಒಂದು ಹಳೆಯ ನಕ್ಷೆ ಬಂತು. ಕಲ್ಲು ಮೊದಲು ಇದ್ದದ್ದು ಈಗಿರುವಲ್ಲಿ ಅಲ್ಲವಂತೆ. ರಸ್ತೆ ಅಗಲ ಮಾಡುವಾಗ ಕಿತ್ತು, ಕೂಡುರಸ್ತೆಯ ಆಚೆಯಿಂದ ತಂದು ಗೋಡೆಗೆ ಆನಿಸಿದ್ದಂತೆ. ಹಾಗಾಗಿ ಈಗದು ಯಾವ ಗಡಿಯನ್ನೂ ತೋರಿಸುತ್ತಿಲ್ಲ. ಅಲ್ಲಿಂದ ತೆಗೆದರೆ ಕಳೆದುಕೊಳ್ಳುವುದೇನೂ ಇಲ್ಲ. ಲೈಬ್ರರಿಯಲ್ಲಿ ಮಳೆ ಬಿಸಿಲಿನ ಕಾಟವಿಲ್ಲ, ಜೊತೆಗೆ... ಹಿಲರಿ ಗುರುದೇವಿಯ ಕಡೆ ನೋಡಿ, "ಎಣ್ಣೆಯ ಕಾಟವೂ ಇಲ್ಲ" ಎಂದಳು.

ತಲೆಗಳು ಒಪ್ಪಿಗೆಯಿಂದ ಆಡಿದವು. ಗುರುದೇವಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೂ ಗೊತ್ತಾಗಲಿಲ್ಲ.

"ಎಕ್ಸ್‌ಕ್ಯೂಸ್ ಮಿ," ಎಂದಳು. ಮುಂದಿನ ಇಂಗ್ಲಿಷ್ ಬರಲಿಲ್ಲ. ಮಕ್ಕಳಿಗೆ ಗದರಿಸಲು, ತಾಯಂದಿರಿಗೆ ವರದಿ ಒಪ್ಪಿಸಲು ಸಾಲುತ್ತಿದ್ದ ಇಂಗ್ಲಿಷು ಇದಕ್ಕೆ ಸಾಲದಾಯಿತು. "ಮೂರ್ತಿ ಸರ್ರ, ನಾ ಹೇಳ್ತೀನಿ, ನೀವು ಅವರಿಗೆ ತಿಳಿಸಿ ಹೇಳ್ರಿ. ಇದ್ದದ್ದ ಇದ್ದಂಗ ಹೇಳ್ರಿ. ಸಕ್ಕರಿ ಹಚ್ಚಬ್ಯಾಡ್ರಿ."

ಮೂರ್ತಿ ಎದ್ದರು. ಬೇರೆ ದಾರಿ ಇರಲಿಲ್ಲ.

"ನಮ್ಮೂರು ನೀರಾಗ ಹೋತ್ರಿ. ನಾ ಆಗ ಲಂಗಾ ದಾವಣಿ ಹುಡಿಗಿ. ಮಂದಿ ಬಾಗಲಾ ಕಿತಗೊಂಡ್ರು, ತೊಲಿ ಕಿತಗೊಂಡ್ರು, ಎಲ್ಲಾ ಹೇರಿಕೊಂಡು ಎತ್ತರದ ಮ್ಯಾಲಿನ ಹೊಸಾ ಊರಿಗೆ ಹೊಂಟ್ರು. ಅಲ್ಲಿ ಊರ ಅನ್ನೋದ ಇದ್ದಿದ್ದಿಲ್ಲ. ಸುಣ್ಣದ ಗೀಟು ಹಾಕಿದ ಬಯಲು. ನಮ್ಮ ದೊಡ್ಡಪ್ಪ ಅಂದ, ಕರಿಗಲ್ಲು ಬಿಟ್ಟು ನಾ ಹೆಜ್ಜಿ ಕಿತ್ತಂಗಿಲ್ಲ ಅಂತ."

ಮೂರ್ತಿ ಹೇಳಿದರು. ಗಡಿಕಲ್ಲು ಎಂಬಲ್ಲಿ ಹಿಲರಿ ತಲೆಯೆತ್ತಿದಳು.

"ಅಗದು ತಗದು ಟ್ರ್ಯಾಕ್ಟರಿನ್ಯಾಗ ಹಾಕಿದ್ರು. ಮುಂದ ಹಲಗಿ ಬಾರಿಸಿದ್ರು. ಎಲ್ಲಿ ಇಡೂದು ಅಂತ ದಾರ್ಯಾಗ ಜಗಳ. ಮ್ಯಾಲಿನ ಓಣ್ಯಾವ್ರು ಬಡಗಣ ದಿಕ್ಕಿಗೆ ಅಂದ್ರು, ಕೆಳಗಿನ ಓಣ್ಯಾವ್ರು ತೆಂಕಣಕ್ಕ ಅಂದ್ರು. ಐನಾರು ಪಂಚಾಂಗ ನೋಡ್ಲಿಕ್ಕೆ ಕುಂತ್ರು. ಅಷ್ಟ್ರಾಗ ಮಳಿ ಬಂತು, ಟ್ರ್ಯಾಕ್ಟರ್ ಎರಿ ಮಣ್ಣಾಗ ಸಿಗಿಬಿತ್ತು. ಗಾಲಿ ಅರ್ಧಾ ಒಳಗ. ಹಗ್ಗ ಕಟ್ಟಿ ಎಳದ್ರು, ಬೈದ್ರು, ಕಾಯಿ ಒಡದ್ರು. ಬರಲಿಲ್ಲ."

"ಎರೆ ಮಣ್ಣು ಅಂದ್ರೆ..." ಮೂರ್ತಿ ಇಂಗ್ಲಿಷಿನಲ್ಲಿ ತಡಕಾಡಿ, ಹತ್ತಿ ಬೆಳೆಯುವ ಕಪ್ಪು ಜಿಗುಟು ಮಣ್ಣು ಎಂದು ವಿವರಿಸಿ, ತಾವೇ ಟ್ರ್ಯಾಕ್ಟರಿನೊಳಗೆ ಕೂತವರಂತೆ ಕೈ ಅಲ್ಲಾಡಿಸಿದರು.

"ಕಡೀಕ ದೊಡ್ಡಪ್ಪ ಅಂದ, ಸಾಕ್ರೋ, ಇಲ್ಲೇ ಇಳಸ್ರಿ. ಇಳಿಸಿದ್ರು. ಅದ ನಮ್ಮೂರ ಗಡಿ ಆತು. ಅಲ್ಲಿಂದ ಈಚಿಗಿ ಮನಿ ಕಟಿಗೊಂಡ್ವಿ. ಅವತ್ತ ರಾತ್ರಿ ನನ್ನ ತಾಯಿ ಹೊಸಾ ಊರಾಗ ಮೊದಲನೇ ಸಲ ನಿದ್ದಿ ಮಾಡಿದ್ಳು. ಕಲ್ಲು ಎಲ್ಲಿಂದ ಬಂತು ಅಂತ ಯಾರೂ ಕೇಳಂಗಿಲ್ರಿ. ಯಾರರ ಮೂಲಿ ತಿರುಗಿ ಬಂದಾಗ ಅದು ಅಲ್ಲಿ ಇರಬೇಕು, ಅಷ್ಟ. ಈ ಊರಾವರೂ ಒಂದ್ಸಲ ಹೊತಗೊಂಡ ಬಂದಾರ. ಬಂದು ಇಲ್ಲಿ ಇಟ್ಟಾರ. ಅವರೇನ ದಡ್ಡರೇನು?" ಅವಳು ಹಿಲರಿಯ ಕಡೆ ತಿರುಗಿದಳು. "ಎಣ್ಣಿ ಹಚ್ಚಿದ್ದು ನನ್ನ ತಪ್ಪು. ತಪ್ಪಿಗೆ ನನಗ ಬೈರಿ. ಕಲ್ಲಿಗೆ ಜೇಲು ಯಾಕ?"

ಕೊನೆಯ ಮಾತನ್ನು ಮೂರ್ತಿ ಸಕ್ಕರೆ ಹಚ್ಚದೆ ಹೇಳಿದರು. ಹಿಂದಿನ ಸಾಲಿನಲ್ಲಿ ಪ್ರಿಯಾಂಕಾ ಟೋಪಿ ಸರಿಸಿ ತಾಯಿಯನ್ನೇ ನೋಡುತ್ತಿದ್ದಳು. ಈ ಕಥೆ ಅವಳೂ ಕೇಳಿರಲಿಲ್ಲ.

ಹಿಲರಿ ಪೆನ್ನು ಕೆಳಗಿಟ್ಟಳು. "ಟ್ರ್ಯಾಕ್ಟರ್ ಅಲ್ಲಿ ಸಿಕ್ಕಿಬೀಳದೆ ಇದ್ದಿದ್ದರೆ?"

"ನಮ್ಮೂರು ಇನ್ನೊಂದ ಫರ್ಲಾಂಗ ಮುಂದ ಇರ್ತಿತ್ರಿ," ಎಂದಳು ಗುರುದೇವಿ. "ಅಷ್ಟ."

ಈ ಸಲದ ನಗೆ ಬೇರೆ ಥರದ್ದಾಗಿತ್ತು. ಆದರೆ ನಗೆಯಿಂದ ತೀರ್ಮಾನ ಆಗುವುದಿಲ್ಲ. ಒಬ್ಬ ಮುದುಕ ವಿಮೆಯ ಮಾತೆತ್ತಿದ. ಇನ್ನೊಬ್ಬಳು ಲೈಬ್ರರಿಯೇ ಮುಚ್ಚಿಹೋದರೆ ಕಲ್ಲು ಯಾರ ಪಾಲು ಎಂದಳು. ಒಬ್ಬರ ಮೇಲೊಬ್ಬರು ಮಾತಾಡಿದರು. ಚಹಾ ಆರಿತು. ಕೊನೆಗೆ ಹಿಲರಿ ಹೇಳಿದ್ದಿಷ್ಟು: ಕಲ್ಲು ಬಲ್ಲವರನ್ನು ಕರೆಸಿ, ಇದ್ದಲ್ಲೇ ಜೇಡಿಮಣ್ಣಿನ ಲೇಪ ಹಾಕಿಸಿ ಎಣ್ಣೆ ತೆಗೆಸುವುದು. ಒಂದು ವರ್ಷ ನೋಡುವುದು. ಮತ್ತೆ ಕಪ್ಪಾಗದಿದ್ದರೆ ಕಲ್ಲು ಅಲ್ಲೇ ಇರುತ್ತದೆ. ಆದರೆ ಒಂದು ಹನಿ ಎಣ್ಣೆ ಕಂಡರೂ ಲೈಬ್ರರಿ.

"ನಿಮ್ಮ ಮಾತು ಬೇಕು," ಎಂದಳು ಗುರುದೇವಿಗೆ. "ಎಣ್ಣೆ ಇಲ್ಲ, ಅರಿಷಿಣ ಇಲ್ಲ, ಹಾಲು ಇಲ್ಲ. ಏನೂ ಇಲ್ಲ."

ಗುರುದೇವಿ ತನ್ನ ಎರಡೂ ಕೈ ನೋಡಿಕೊಂಡಳು. "ಆತ್ರಿ," ಎಂದಳು.

ಮನೆಯಲ್ಲಿ ಶರಣಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ನೀ? ಮುಟ್ಟದ ಇರ್ತಿ? ನಡುಮನ್ಯಾಗ ನಾ ಮಲಗಿದ್ರ ನನ್ನೂ ಒರಿಸಿ ಹೋಗಾಕಿ ನೀ!"

ಮಣ್ಣಿನ ಲೇಪ ಹಾಕಿದ ದಿನಗಳಲ್ಲಿ ಕಲ್ಲು ಬ್ಯಾಂಡೇಜು ಸುತ್ತಿಕೊಂಡ ಮಗುವಿನ ಹಾಗೆ ಪ್ಲಾಸ್ಟಿಕ್ಕಿನೊಳಗೆ ಕೂತಿತ್ತು. ಗುರುದೇವಿ ಹಾಲು ತರಲು ಹೋಗುವಳು, ನಡುದಾರಿಯಲ್ಲಿ ಮೊಸರು ನೆನಪಾಗಿ ಮತ್ತೆ ಹೋಗುವಳು. ಅಂಗಡಿಗೆ ಹೋಗುವ ಹತ್ತಿರದ ದಾರಿ ಬೇರೆ ಇತ್ತು. ಲೇಪ ತೆಗೆದಾಗ ಕಪ್ಪು ಬಹಳಷ್ಟು ಹೋಗಿತ್ತು. ಅರಿಷಿಣದ ಒಂದು ತೆಳ್ಳನೆಯ ನೆರಳು ಮಾತ್ರ ನೆತ್ತಿಯ ಮೇಲೆ ಉಳಿದಿತ್ತು. ಅದು ಇನ್ನು ಹೋಗುವುದಿಲ್ಲ ಎಂದರಂತೆ ಕಲ್ಲು ಬಲ್ಲವರು.

ಕಾರಹುಣ್ಣಿಮೆ ಬಂತು. ಬೆಳಗಿನಿಂದ ಅವಳ ಕೈಗೆ ಸಮಾಧಾನವಿಲ್ಲ. ಕಡಲೆಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಮಕ್ಕಳನ್ನು ಮಲಗಿಸಿ ಹೋಳಿಗೆ ಬೇಯಿಸಿದಳು, ಬೇಯಿಸುತ್ತಲೇ ಹೋದಳು. ಯಾರಿಗೆ ಇಷ್ಟು? ನೈವೇದ್ಯ ಇಡುವಂತಿಲ್ಲ. ಕಾಯಿ ಒಡೆಯುವಂತಿಲ್ಲ. ಹಬ್ಬದ ದಿನ ಗಡಿಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಮಧ್ಯಾಹ್ನ ಎದ್ದ ಮಕ್ಕಳನ್ನು ಬಗ್ಗಿಗೆ ಹತ್ತಿಸಿ, ಡಬ್ಬಿ ತುಂಬ ಹೋಳಿಗೆ, ಒಂದು ಬಟ್ಟಲು ತುಪ್ಪ ಬಗ್ಗಿಯ ಬುಟ್ಟಿಯಲ್ಲಿಟ್ಟುಕೊಂಡು ಮೂಲೆಗೆ ಹೋದಳು. ಕಲ್ಲಿನಿಂದ ಮಾರು ದೂರ ನಿಂತಳು. ಬೆರಳು ಚುರುಗುಟ್ಟಿತು. ಕೈಗಳನ್ನು ಕೋಟಿನ ಜೇಬಿಗೆ ತುರುಕಿದಳು.

ನಾಯಿಯೊಂದನ್ನು ಹಿಡಿದು ಬಂದವನೊಬ್ಬ ಅಲ್ಲಿ ನಿಂತ. ನಾಯಿ ಕಲ್ಲು ಮೂಸಿ ಕಾಲೆತ್ತಿತು.

"ಹಚಾ! ಹಚಾ!" ಎಂದು ಗುರುದೇವಿ ಎರಗಿದ ರಭಸಕ್ಕೆ ನಾಯಿ ಕನ್ನಡ ಬಲ್ಲದ್ದರಂತೆ ಓಡಿತು. ಅದರ ಯಜಮಾನ ಸಾರಿ ಸಾರಿ ಎನ್ನುತ್ತ ನಿಂತ. ಪಾಪ ಎನ್ನಿಸಿ ಅವನಿಗೊಂದು ಹೋಳಿಗೆ ಕೊಟ್ಟಳು. ಕೊಟ್ಟ ಮೇಲೆ ಕೈಗೊಂದು ದಾರಿ ಸಿಕ್ಕಿತು. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ತಾಯಿಗೊಂದು, ಮಕ್ಕಳಿಗೆ ಅರ್ಧರ್ಧ. ಅಂಚೆಯವಳಿಗೊಂದು. "ಇವತ್ತೇನು ವಿಶೇಷ?" ಎಂದರೆ ಕಲ್ಲು ತೋರಿಸಿ, "ಊರಿನ ಹಬ್ಬ," ಎನ್ನುವಳು. "ಯಾವ ಊರು?" ಎಂದವರಿಗೆ, "ಈ ಊರು."

ಹಿಲರಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದದ್ದು ಆಗ. ತಿಂಗಳಿಗೊಮ್ಮೆ ಕಲ್ಲಿನ ಫೋಟೊ ತೆಗೆಯುವ ಕೆಲಸ ಅವಳದು. ಮೊದಲು ಕಲ್ಲು ನೋಡಿದಳು. ಬಗ್ಗಿ, ಮೂಗು ತಾಕುವಷ್ಟು ಹತ್ತಿರದಿಂದ ನೋಡಿದಳು. ಎಣ್ಣೆ ಇಲ್ಲ. ಆಮೇಲೆ ಗುರುದೇವಿಯ ಡಬ್ಬಿ ನೋಡಿದಳು.

ಗುರುದೇವಿ ಹೋಳಿಗೆಯ ಮೇಲೆ ತುಪ್ಪ ಸುರಿದು, ಮಡಚಿ, ಪೇಪರ್ ನ್ಯಾಪ್ಕಿನ್ನಿನಲ್ಲಿಟ್ಟು ಕೊಟ್ಟಳು. ಹಿಲರಿ ಕಚ್ಚಿದಳು, ಕಣ್ಣರಳಿಸಿದಳು. ತಿನ್ನುತ್ತ ತಿನ್ನುತ್ತಲೇ ಏನೋ ಕಂಡವಳಂತೆ ಮತ್ತೆ ಕಲ್ಲಿನ ಮೇಲೆ ಬಾಗಿ, "ಈ ಅಕ್ಷರ ನೋಡಿ, ಈಗ ಎಷ್ಟು..." ಎಂದಳು. ನ್ಯಾಪ್ಕಿನ್ನಿನ ತಳ ತೊಯ್ದು, ತುಪ್ಪ ಅವಳ ಮಣಿಕಟ್ಟಿಗೆ ಇಳಿದು, ಹನಿಯಾಗಿ ದಪ್ಪವಾಗತೊಡಗಿತು.

"ಏ ಏ ಏ! ತುಪ್ಪಾ! ಕಲ್ಲಿನ ಮ್ಯಾಲ ಬೀಳತೈತಿ! ಸರೀರಿ ಈ ಕಡಿ!"

ಗುರುದೇವಿ ಒಂದು ಕೈಯಿಂದ ಅಧ್ಯಕ್ಷೆಯ ತೋಳು ಹಿಡಿದೆಳೆದು, ಇನ್ನೊಂದು ಕೈಯನ್ನು ಅವಳ ಮಣಿಕಟ್ಟಿನ ಕೆಳಗೆ ಬೊಗಸೆಯಂತೆ ಒಡ್ಡಿದಳು. ಹನಿ ಅಂಗೈಗೆ ಬಿತ್ತು. ಇನ್ನೊಂದು ಬಿತ್ತು. ಇಬ್ಬರೂ ಕಲ್ಲು ನೋಡಿದರು. ಒಣಗಿಯೇ ಇತ್ತು.

ಗುರುದೇವಿಯ ಅಂಗೈಯಲ್ಲಿ ಬೆಚ್ಚಗಿನ ತುಪ್ಪ, ಗೇಣು ದೂರದಲ್ಲಿ ಕಲ್ಲಿನ ಹಳದಿ ನೆತ್ತಿ. ಅವಳು ಅಂಗೈ ನೋಡಿದಳು. ಕೋಟಿನ ತೋಳು ಮೇಲೆ ಸರಿಸಿ, ತುಪ್ಪವನ್ನು ಒಣಗಿ ಬಿರುಕು ಬಿಟ್ಟಿದ್ದ ತನ್ನ ಮೊಳಕೈಗೆ ತಿಕ್ಕಿಕೊಂಡಳು. ಆಮೇಲೆ ಇನ್ನೊಂದು ಮೊಳಕೈಗೆ.

"ಕ್ಷಮಿಸಿ," ಎಂದಳು ಹಿಲರಿ, ಮುಖ ಕೆಂಪಾಗಿತ್ತು. "ಇನ್ನೊಂದು ಸಿಗಬಹುದೆ?"

"ಐತಿ," ಎಂದಳು ಗುರುದೇವಿ ಕನ್ನಡದಲ್ಲೇ, ಡಬ್ಬಿಯ ಮುಚ್ಚಳ ತೆಗೆಯುತ್ತ. ಬೆರಳಿನಿಂದ ರಸ್ತೆಯ ಆಚೆ ಬದಿ ತೋರಿಸಿದಳು. "ಆದ್ರ ಅಲ್ಲಿ ನಿಂತು ತಿನ್ರಿ."